ವರದಿಯಲ್ಲಿಲ್ಲದ ದಿಡ್ಡಿ ಬಾಗಿಲು

ಕನ್ನಡದಲ್ಲಿ ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಕ್ಕಿದೆ, ಹೋಟೆಲಿನ ಮಸಾಲೆ ದೋಸೆಗೂ ಇದೆ. ವಿಎಪಿಟಿ ವರದಿಗೆ ಮಾತ್ರ ಇಲ್ಲ. ನೀವು ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿದ್ದರೂ ಸಾಕು, ವರ್ಷಕ್ಕೊಮ್ಮೆ ಇಂಥದ್ದೊಂದು ಪಿಡಿಎಫ್ ಹುಟ್ಟಿ, ಮೂರ್ನಾಲ್ಕು ಜನರ ಮೇಲ್‌ಬಾಕ್ಸಿನಲ್ಲಿ ಸುತ್ತಾಡಿ, ಕೊನೆಗೆ ಆಡಿಟ್ ಅನ್ನೋ ಫೋಲ್ಡರಿನಲ್ಲಿ ಹೋಗಿ ಮಲಗಿರತ್ತೆ. 'ವಲ್ನರಬಿಲಿಟಿ ಅಸೆಸ್‌ಮೆಂಟ್ ಅಂಡ್ ಪೆನಿಟ್ರೇಷನ್ ಟೆಸ್ಟಿಂಗ್' ಅಂತ ಪೂರ್ತಿ ಹೆಸರು. ನಮ್ಮ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಕಳ್ಳ ಎಲ್ಲೆಲ್ಲಿ ನುಗ್ಗಬಹುದು ಅನ್ನೋದನ್ನ ದುಡ್ಡು ಕೊಟ್ಟು ಹುಡುಕಿಸಿ ಬರೆಸಿಕೊಳ್ಳುವ ಕಾಗದ. ಇಂಥ ವರದಿ ಬರೆಯೋದು, ಬೇರೆಯವರು ಬರೆದದ್ದನ್ನ ತಿದ್ದೋದು ಹಲವು ವರ್ಷಗಳಿಂದ ನನ್ನ ಹೊಟ್ಟೆಪಾಡು. ಹಾಗಾಗಿ ಈ ಸಾಹಿತ್ಯ ಪ್ರಕಾರದ ಬಗ್ಗೆ ನಾಲ್ಕು ಮಾತು ಆಡಬಹುದು ಅಂದುಕೊಂಡಿದ್ದೇನೆ.

ಮೊದಲು ಶೈಲಿ. ಇದು ಲಗ್ನಪತ್ರಿಕೆಯ ಜಾತಿಗೆ ಸೇರಿದ ಬರಹ. ಮೇಲೆ ಗಣಪತಿ ಅದೇ, ಶ್ಲೋಕ ಅದೇ, ಕೆಳಗೆ ಆಗಮನಾಭಿಲಾಷಿಗಳು ಅದೇ, ವಧೂವರರ ಹೆಸರು ಮಾತ್ರ ಬೇರೆ. ಕೆಲವೊಮ್ಮೆ ಅದನ್ನೂ ಬದಲಿಸೋಕೆ ಮರೆತಿರ್ತಾರೆ. ಒಬ್ಬ ಕ್ಲೈಂಟಿನ ವರದಿಯ ನಡುವೆ ಇನ್ನೊಬ್ಬ ಕ್ಲೈಂಟಿನ ಹೆಸರು ಉಳಿದುಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ, ಅದೂ ಪ್ರತಿ ಪುಟದ ತಳದಲ್ಲಿ 'ಗೋಪ್ಯ' ಅಂತ ಕೆಂಪಕ್ಷರದಲ್ಲಿ ಮುದ್ರಿಸಿದ ವರದಿಯಲ್ಲಿ. ಮೊದಲ ಹತ್ತು ಪುಟ ಪೀಠಿಕೆ. ಆಮೇಲೆ ಒಂದು ಬಣ್ಣಬಣ್ಣದ ವೃತ್ತ: ಕೆಂಪು ಇಷ್ಟು, ಕಿತ್ತಳೆ ಇಷ್ಟು, ಹಳದಿ ಇಷ್ಟು. ಪ್ರತಿ ದೋಷಕ್ಕೂ ಸಿವಿಎಸ್‌ಎಸ್ ಲೆಕ್ಕದಲ್ಲಿ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಂಬತ್ತು ದಾಟಿದರೆ 'ಕ್ರಿಟಿಕಲ್'. ಮ್ಯಾನೇಜರು ಕೆಂಪಿನ ಮೇಲೆ ಬೆರಳಿಟ್ಟು "ಇದನ್ನ ಕಿತ್ತಳೆ ಮಾಡೋಕಾಗತ್ತಾ?" ಅಂತ ಕೇಳ್ತಾರೆ. ದೋಷವನ್ನ ಸರಿಮಾಡಿ ಅಂತ ಅಲ್ಲ, ಬಣ್ಣ ಬದಲಿಸಿ ಅಂತ.

ಶೈಲಿಯ ದೋಷ ಸಹಿಸಿಕೊಳ್ಳಬಹುದು. ನನ್ನ ತಕರಾರು ವಸ್ತುವಿನ ಬಗ್ಗೆ.

ಹೆಸರಿನಲ್ಲೇ ಎರಡು ಕೆಲಸ ಇದೆ. ಮೊದಲನೆಯದು ಅಸೆಸ್‌ಮೆಂಟ್. ಎನ್‌ಮ್ಯಾಪ್‌ನಂಥ ಸಾಧನ ಓಣಿಯ ಪ್ರತಿ ಮನೆಯ ಬಾಗಿಲು ತಟ್ಟಿ, ಒಳಗೆ ಯಾರಿದ್ದೀರಿ ಅಂತ ಕೇಳಿಕೊಂಡು ಹೋಗತ್ತೆ. ನೆಸಸ್‌ನಂಥ ಸ್ಕ್ಯಾನರ್ ಒಳಗಿಂದ ಬಂದ ಉತ್ತರ ಕೇಳಿ, 'ಈ ಮಾಡೆಲ್ ಬೀಗಕ್ಕೆ ಹೋದ ವರ್ಷ ಕಳ್ಳಕೀಲಿ ಬಂದಿದೆ' ಅಂತ ತನ್ನ ಪಟ್ಟಿ ನೋಡಿ ಗುರುತು ಹಾಕಿಕೊಳ್ಳತ್ತೆ. ಅಷ್ಟೇ ಅದರ ಕೆಲಸ. ಎರಡನೆಯದು ಪೆನಿಟ್ರೇಷನ್ ಟೆಸ್ಟ್. ಆ ಕಳ್ಳಕೀಲಿ ಇಲ್ಲಿ ನಿಜವಾಗಲೂ ತಿರುಗತ್ತಾ, ತಿರುಗಿದರೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ತಿಜೋರಿಗೆ ದಾರಿ ಇದೆಯಾ ಅಂತ ಒಬ್ಬ ಮನುಷ್ಯ ಕೂತು, ತಲೆ ಓಡಿಸಿ, ಕಳ್ಳನ ಜಾಗದಲ್ಲಿ ನಿಂತು ನೋಡಬೇಕು. ಇದಕ್ಕೆ ಸಮಯ ಬೇಕು, ಅನುಭವ ಬೇಕು, ಹಾಗಾಗಿ ದುಡ್ಡೂ ಬೇಕು. ಮಾರುಕಟ್ಟೆಯಲ್ಲಿ ನಡೆಯೋದು ಏನಂದರೆ, ಮೊದಲನೆಯದನ್ನ ಮಾಡಿ ಎರಡನೆಯದರ ಹೆಸರಲ್ಲಿ ಬಿಲ್ ಹಾಕೋದು. ಐದು ದಿನದ ಟೆಸ್ಟ್ ಅಂತ ಒಪ್ಪಂದ ಆಗಿರತ್ತೆ. ಮೂರು ದಿನ ವಿಪಿಎನ್ ಪಾಸ್‌ವರ್ಡ್ ಬರೋದನ್ನ ಕಾಯೋದರಲ್ಲೇ ಹೋಗತ್ತೆ. ನಾಲ್ಕನೇ ದಿನ ಸ್ಕ್ಯಾನರ್ ಓಡತ್ತೆ. ಐದನೇ ದಿನ ವರದಿ.

ಸ್ಕ್ಯಾನರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು 'ಏನೂ ಸಿಗಲಿಲ್ಲ' ಅಂದದ್ದನ್ನ 'ಏನೂ ಇಲ್ಲ' ಅಂತ ಓದಿಕೊಳ್ಳೋದು ಕೆಟ್ಟದ್ದು. ಅಮೆರಿಕದ ಈಕ್ವಿಫ್ಯಾಕ್ಸ್ ಕಥೆ ನಿಮಗೆ ಗೊತ್ತಿರಬಹುದು. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ ಅದು. 2017ರ ಮಾರ್ಚ್‌ನಲ್ಲಿ ಅಪಾಚೆ ಸ್ಟ್ರಟ್ಸ್ ಅನ್ನೋ ತಂತ್ರಾಂಶದಲ್ಲಿ ದೊಡ್ಡ ತೂತು ಪತ್ತೆಯಾಯ್ತು, ತೇಪೆಯೂ ಬಿಡುಗಡೆಯಾಯ್ತು. ನಮ್ಮಲ್ಲಿ ಆ ತಂತ್ರಾಂಶ ಎಲ್ಲಿದೆ ಅಂತ ಹುಡುಕೋಕೆ ಕಂಪನಿಯವರು ಅದೇ ತಿಂಗಳು ಸ್ಕ್ಯಾನ್ ಮಾಡಿದರು. ಸಿಗಲಿಲ್ಲ. ಗ್ರಾಹಕರು ತಕರಾರು ಸಲ್ಲಿಸುವ ಒಂದು ಹಳೇ ಪೋರ್ಟಲ್ಲಿನಲ್ಲಿ ಅದು ಕೂತಿತ್ತು. ಮೇ ತಿಂಗಳಲ್ಲಿ ಒಳಹೊಕ್ಕ ಕಳ್ಳರು ಜುಲೈ ಕೊನೆಯವರೆಗೆ ಆರಾಮಾಗಿ ಓಡಾಡಿಕೊಂಡಿದ್ದರು. ಹೊರಗೆ ಹೋಗುವ ಮಾಹಿತಿಯನ್ನ ತಪಾಸಣೆ ಮಾಡಲು ಇಟ್ಟಿದ್ದ ಯಂತ್ರದ ಸರ್ಟಿಫಿಕೇಟ್ ಅವಧಿ ಮುಗಿದು 19 ತಿಂಗಳಾಗಿತ್ತು, ಹಾಗಾಗಿ ಅದು ಕಣ್ಣುಮುಚ್ಚಿ ಕೂತಿತ್ತು. ಸರ್ಟಿಫಿಕೇಟ್ ನವೀಕರಿಸಿದ ತಕ್ಷಣ ಕಳ್ಳ ಕಂಡ! ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು.

ಇದು ಸ್ಕ್ಯಾನರ್ ಹುಡುಕಬಹುದಾಗಿದ್ದ ದೋಷ. ಅದು ಎಷ್ಟು ಹುಡುಕಿದರೂ ಸಿಗದ ದೋಷಗಳದ್ದು ಇನ್ನೊಂದು ದೊಡ್ಡ ವರ್ಗ ಇದೆ. ನಮ್ಮ ಹಳಿಯಾಳ ಕಡೆಯ ಉದಾಹರಣೆ ಕೊಡ್ತೇನೆ. ಕಬ್ಬು ಬೆಳೆಯುವ ರೈತರಿಗೆ ಯಾವುದೋ ಒಂದು ಸಕ್ಕರೆ ಕಾರ್ಖಾನೆ ಒಂದು ಆ್ಯಪ್ ಕೊಟ್ಟಿದೆ ಅಂತ ಇಟ್ಟುಕೊಳ್ಳಿ. ಗಾಡಿ ತೂಕ ಆದಮೇಲೆ ಬಿಲ್ ಮೊಬೈಲಿಗೇ ಬರತ್ತೆ. ಒಬ್ಬ ರೈತ ತನ್ನ ಬಿಲ್ ತೆರೆದಾಗ ವಿಳಾಸದ ಕೊನೆಯಲ್ಲಿ 4511 ಅಂತ ನಂಬರ್ ಇದೆ. ಅದನ್ನ 4512 ಮಾಡಿದರೆ ಪಕ್ಕದ ಹೊಲದವನ ಬಿಲ್ ತೆರೆದುಕೊಳ್ಳತ್ತೆ: ಎಷ್ಟು ಟನ್, ಎಷ್ಟು ಸಾಲ ಕಡಿತ, ಯಾವ ಬ್ಯಾಂಕ್ ಖಾತೆ, ಎಲ್ಲ. ಸ್ಕ್ಯಾನರ್ ಕಣ್ಣಿಗೆ ಇಲ್ಲಿ ಎಲ್ಲ ಸರಿಯಾಗೇ ಇದೆ. ಕೇಳಿದ ಪುಟ ಬಂತು, ಹಳೇ ತಂತ್ರಾಂಶ ಇಲ್ಲ, ಬೀಗ ಹೊಸದು. 4512 ಈತನದ್ದಲ್ಲ ಅನ್ನೋ ಸಂಗತಿ ಗೊತ್ತಾಗಬೇಕಾದರೆ ಬಿಲ್ ಅಂದರೇನು, ರೈತ ಅಂದರೇನು, ಯಾರದ್ದು ಯಾರು ನೋಡಬಾರದು ಅನ್ನೋದು ಗೊತ್ತಿರಬೇಕು. ವೆಬ್ ಸುರಕ್ಷತೆಯ ಬಗ್ಗೆ ಓವಾಸ್ಪ್ ಅನ್ನೋ ಸಂಸ್ಥೆ ಆಗಾಗ ಹತ್ತು ದೊಡ್ಡ ಅಪಾಯಗಳ ಪಟ್ಟಿ ಹೊರಡಿಸತ್ತೆ. ಅದರಲ್ಲಿ ಈ ಬಗೆಯ ದೋಷ 2017ರಲ್ಲಿ ಐದನೇ ಸ್ಥಾನದಲ್ಲಿತ್ತು, 2021ರಲ್ಲಿ ಮೊದಲ ಸ್ಥಾನಕ್ಕೆ ಬಂತು. ಬೀಗಗಳು ಗಟ್ಟಿಯಾದಷ್ಟೂ, ಯಾರಿಗೆ ಯಾವ ಕೀಲಿ ಕೊಟ್ಟಿದ್ದೇವೆ ಅನ್ನೋ ಗೊಂದಲವೇ ದೊಡ್ಡದಾಗ್ತಿದೆ.

ಇದನ್ನ ಇಟ್ಟುಕೊಂಡು ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪ್ರಕರಣ ನೋಡಿ. ಟೆಂಡರ್ ಹಾಕುವ ಗುತ್ತಿಗೆದಾರರು ಮೊದಲು ಇಎಂಡಿ, ಅಂದರೆ ಮುಂಗಡ ಠೇವಣಿ ಕಟ್ಟಬೇಕು. ಟೆಂಡರ್ ಸಿಗದವರಿಗೆ ಅದು ವಾಪಸ್ ಹೋಗಬೇಕು. 2019ರಲ್ಲಿ ಈ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಸಂಬಂಧವೇ ಇಲ್ಲದ ಖಾತೆಗಳಿಗೆ ಹೋಯ್ತು. ಸಿಐಡಿ ಸೈಬರ್ ವಿಭಾಗಕ್ಕೆ ದೂರು ಹೋಯ್ತು. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬೇರೊಂದು ಡ್ರಗ್ಸ್ ಪ್ರಕರಣದಲ್ಲಿ ಒಬ್ಬ ಯುವಕನನ್ನ ಹಿಡಿದ ಮೇಲೆ ಅದೂ ಇದೂ ಸೇರಿ ಬಿಟ್‌ಕಾಯಿನ್ ಹಗರಣ ಅಂತ ದೊಡ್ಡದಾಯ್ತು. ಆಮೇಲಿನದ್ದು ನಿಮಗೆ ನೆನಪಿರಬಹುದು: ವಿಧಾನಸೌಧದಲ್ಲಿ ಗದ್ದಲ, ಟಿವಿಯಲ್ಲಿ ಗ್ರಾಫಿಕ್ಸ್, ಯಾರ ಹೆಸರು ಯಾರ ಜೊತೆ ಅನ್ನೋ ಚರ್ಚೆ. ಆತ ಎಷ್ಟು ಬುದ್ಧಿವಂತ ಅಂತ ಪುಟಗಟ್ಟಲೆ ಬರೆದರು. ನನಗೆ ಬೇಕಿದ್ದ ಪ್ರಶ್ನೆಯನ್ನ ಆ ಗಲಾಟೆಯಲ್ಲಿ ಯಾರೂ ಜೋರಾಗಿ ಕೇಳಲಿಲ್ಲ. ಆ ಪೋರ್ಟಲ್ಲನ್ನ ಅದಕ್ಕೂ ಮುಂಚೆ ಪರೀಕ್ಷೆ ಮಾಡಿದವರ ಮುಂದೆ ಯಾವ ಪ್ರಶ್ನೆಪತ್ರಿಕೆ ಇತ್ತು? 'ಠೇವಣಿ ಕಟ್ಟಿದವನ ಖಾತೆಗೇ ಠೇವಣಿ ವಾಪಸ್ ಹೋಗುತ್ತಿದೆಯಾ, ನಡುವೆ ಯಾರಾದರೂ ಖಾತೆ ನಂಬರ್ ಬದಲಿಸಿದರೆ ಯಾರಿಗೆ ಗೊತ್ತಾಗತ್ತೆ' ಅನ್ನೋದು ಯಾವ ಸ್ಕ್ಯಾನರಿನ ಪಟ್ಟಿಯಲ್ಲೂ ಇರಲ್ಲ. ಇಲಾಖೆಯ ಒಬ್ಬ ಹಳೇ ಅಕೌಂಟೆಂಟನ್ನ ಅರ್ಧ ದಿನ ಪಕ್ಕದಲ್ಲಿ ಕೂರಿಸಿಕೊಂಡರೆ ಈ ಪ್ರಶ್ನೆ ತಾನಾಗೇ ಬರತ್ತೆ. ನನ್ನ ವೃತ್ತಿಯಲ್ಲಿ ಅಕೌಂಟೆಂಟ್ ಜೊತೆ ಕೂತು ಟೆಸ್ಟ್ ಮಾಡಿದ್ದನ್ನ ಬೆರಳಲ್ಲಿ ಎಣಿಸಬಹುದು.

ಈಗ ವರದಿಯ ಎರಡನೇ ಪುಟಕ್ಕೆ ಬನ್ನಿ. ಯಾರೂ ಓದದ ಪುಟ ಅದು, ನನ್ನ ಪ್ರಕಾರ ಇಡೀ ವರದಿಯ ಹಣೆಬರಹ ಇರೋದು ಅಲ್ಲೇ. 'ಸ್ಕೋಪ್' ಅಂತ ಅದರ ಹೆಸರು. ಯಾವ ಸರ್ವರ್ ಮುಟ್ಟಬಹುದು, ಯಾವುದನ್ನ ಮುಟ್ಟಬಾರದು ಅಂತ ಟೆಸ್ಟ್ ಶುರುವಾಗೋ ಮೊದಲೇ ಗೆರೆ ಎಳೆದಿರ್ತಾರೆ. ಗೆರೆ ಬೇಕು, ಇಲ್ಲದಿದ್ದರೆ ನಾವೂ ಕಳ್ಳರೇ. ಆದರೆ ಅದನ್ನ ಎಳೆಯೋದು ಯಾರು? ಪರೀಕ್ಷೆಗೆ ಕೂರುವವರೇ. ತಮಗೆ ಗೊತ್ತಿರೋ, ಚೆನ್ನಾಗಿ ಬಳಿದು ಬೆಳಗಿಟ್ಟಿರೋ ವ್ಯವಸ್ಥೆಯನ್ನ ಒಳಗೆ ಹಾಕ್ತಾರೆ. ಹಳೇದು, ಮುಟ್ಟಿದರೆ ಬೀಳುವಂಥದ್ದು, ಯಾರ ಹೆಸರಿನಲ್ಲಿದೆ ಅಂತಲೇ ಗೊತ್ತಿಲ್ಲದ್ದು, ಹೊರಗಿನ ವೆಂಡರ್ ನಡೆಸೋದು, ಇವೆಲ್ಲ ಹೊರಗೆ. ನಮ್ಮೂರು ದಾಂಡೇಲಿಗೆ ನೀವು ರಾಫ್ಟಿಂಗಿಗೆ ಬಂದಿದ್ದರೆ ಗೊತ್ತಿರತ್ತೆ, ಗಣೇಶಗುಡಿ ಹತ್ರ ಕಾಳಿ ಹೊಳೆಯ ಆವತ್ತಿನ ಸ್ವಭಾವ ನಿರ್ಧಾರ ಆಗೋದು ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನಿಂದ. ರಾಫ್ಟು, ಲೈಫ್ ಜಾಕೆಟ್, ಹೆಲ್ಮೆಟ್ ಎಲ್ಲ ಒಂದೊಂದಾಗಿ ಎಳೆದು ನೋಡಿ ಪಾಸ್ ಮಾಡಿ, ಮೇಲಿಂದ ಇವತ್ತು ಎಷ್ಟು ನೀರು ಬರತ್ತೆ ಅನ್ನೋದು ನಮ್ಮ ಸ್ಕೋಪಿನಲ್ಲಿಲ್ಲ ಅಂದರೆ ನೀವು ದೋಣಿ ಹತ್ತುತ್ತೀರಾ?

ಗೆರೆಯ ಆಚೆ ನೋಡಿದರೆ ಏನು ಸಿಗತ್ತೆ ಅನ್ನೋದಕ್ಕೆ ಬೆಂಗಳೂರಿನದ್ದೇ ಒಂದು ಚಂದದ ಉದಾಹರಣೆ ಇದೆ. 2016ರಲ್ಲಿ ಇಲ್ಲಿ ಫ್ಲಿಪ್‌ಕಾರ್ಟಿನಲ್ಲಿ ಕೆಲಸ ಮಾಡ್ತಿದ್ದ ಆನಂದ್ ಪ್ರಕಾಶ್ ಫೇಸ್‌ಬುಕ್ಕಿನ ಒಂದು ದೋಷ ಹುಡುಕಿದರು. ಪಾಸ್‌ವರ್ಡ್ ಮರೆತರೆ ಫೋನಿಗೆ ಆರು ಅಂಕಿಯ ಕೋಡ್ ಬರತ್ತಲ್ಲ, ಅದನ್ನ ಒಂದೊಂದಾಗಿ ಊಹಿಸಿ ಹಾಕ್ತಾ ಹೋದರೆ? ಮುಖ್ಯ ಸೈಟಿನಲ್ಲಿ ಹತ್ತು ಹನ್ನೆರಡು ಸಲಕ್ಕೇ ಬಾಗಿಲು ಮುಚ್ಚಿಬಿಡತ್ತೆ. ಅವರು ಅದೇ ಪ್ರಯೋಗವನ್ನ ಫೇಸ್‌ಬುಕ್ ತನ್ನ ಹೊಸ ಸಂಗತಿಗಳನ್ನ ಪ್ರಯೋಗಿಸೋಕೆ ಇಟ್ಟುಕೊಂಡಿದ್ದ ಬೀಟಾ ಸೈಟಿನಲ್ಲಿ ಮಾಡಿ ನೋಡಿದರು. ಅಲ್ಲಿ ಮಿತಿಯೇ ಇರಲಿಲ್ಲ. ಆರು ಅಂಕಿ ಅಂದರೆ ಹತ್ತು ಲಕ್ಷ ಸಾಧ್ಯತೆ, ಕಂಪ್ಯೂಟರಿಗೆ ಅದೇನು ಮಹಾ. ಯಾರ ಖಾತೆಗೆ ಬೇಕಾದರೂ ಹೊಸ ಪಾಸ್‌ವರ್ಡ್ ಇಡಬಹುದಿತ್ತು. ಅವರು ಪರೀಕ್ಷೆ ಮಾಡಿದ್ದು ತಮ್ಮದೇ ಖಾತೆಯ ಮೇಲೆ. ಫೆಬ್ರವರಿ 22ಕ್ಕೆ ತಿಳಿಸಿದರು, ಮರುದಿನವೇ ಫೇಸ್‌ಬುಕ್ ಸರಿಮಾಡಿತು, ಆಮೇಲೆ 15,000 ಡಾಲರ್ ಬಹುಮಾನ ಕೊಟ್ಟಿತು. ಇದರಲ್ಲಿ ಭಾರೀ ಗಣಿತ ಏನೂ ಇಲ್ಲ. ಮುಂಬಾಗಿಲಿಗೆ ಹಾಕಿದ ಚಿಲಕ ಹಿತ್ತಲ ಬಾಗಿಲಿಗೂ ಇದೆಯಾ ಅಂತ ನೋಡಿದ್ದು, ಅಷ್ಟೇ. ಅಷ್ಟು ನೋಡೋಕೆ ಅಲ್ಲೊಂದು ಹಿತ್ತಲ ಬಾಗಿಲಿದೆ ಅಂತ ಗೊತ್ತಿರಬೇಕು, ನೋಡೋಕೆ ಅನುಮತಿಯೂ ಇರಬೇಕು.

ನಮ್ಮ ಕ್ಷೇತ್ರದವರು ಕನ್ನಡದಲ್ಲಿ ಭಾಷಣ ಮಾಡಿದರೆ ಒನಕೆ ಓಬವ್ವನ ಸ್ಲೈಡ್ ಬಂದೇ ಬರತ್ತೆ. ಕಿಂಡಿಯಲ್ಲಿ ತಲೆ ತೂರಿಸಿದವರನ್ನೆಲ್ಲ ಬಡಿದು ಹಾಕಿದ ಓಬವ್ವ ಫೈರ್‌ವಾಲ್ ಅಂತೆ. ಚಪ್ಪಾಳೆಯೂ ಬೀಳತ್ತೆ. ನನಗೆ ಆ ಐತಿಹ್ಯದಲ್ಲಿ ಕುತೂಹಲ ಇರೋದು ಅದಕ್ಕೂ ಹಿಂದಿನ ಭಾಗ. ಹೈದರಾಲಿಯ ಕಡೆಯವರಿಗೆ ಕಿಂಡಿ ಇದೆ ಅಂತ ಗೊತ್ತಾದದ್ದು ಹೇಗೆ? ಕೋಟೆಯ ಗೋಡೆಯನ್ನ ಅಳೆದಲ್ಲ. ಮೊಸರು ಮಾರುವ ಹೆಂಗಸು ಎಲ್ಲಿಂದ ಒಳಗೆ ಹೋಗ್ತಾಳೆ, ಎಲ್ಲಿಂದ ಹೊರಗೆ ಬರ್ತಾಳೆ ಅಂತ ನೋಡುತ್ತ ಕೂತಿದ್ದರಂತೆ. ಕೋಟೆಯ ಏಳು ಸುತ್ತನ್ನೂ ಸ್ಕ್ಯಾನ್ ಮಾಡಿ ವರದಿ ಬರೆದವನಿಗೆ ಮೊಸರಿನವಳು ಸ್ಕೋಪಿನಿಂದ ಹೊರಗೆ.

ಕಂಪನಿಗಳಲ್ಲಿ ಆ ಮೊಸರಿನವಳ ಜಾಗದಲ್ಲಿರೋದು ಈಮೇಲ್. ಅದರ ಕಥೆಗೆ ಮುಂಡಗೋಡಿನ ನಂಟಿದೆ. ದಾಂಡೇಲಿಯಿಂದ ಹಳಿಯಾಳ ದಾಟಿ ಹೋದರೆ ಮುಂಡಗೋಡಿನ ಟಿಬೆಟನ್ ಕ್ಯಾಂಪು. 1966ರಿಂದ ಇದೆ. ಡ್ರೆಪುಂಗ್, ಗಾಂಡೆನ್ ಮಠಗಳು ಮರುಹುಟ್ಟು ಪಡೆದದ್ದು ಅಲ್ಲಿ. ಈ ಜನರ ಧರ್ಮಗುರು ದಲೈ ಲಾಮಾ ಅವರ ಧರ್ಮಶಾಲೆಯ ಕಚೇರಿಗೆ ತಮ್ಮ ಕಂಪ್ಯೂಟರುಗಳಲ್ಲಿ ಯಾರೋ ಕೂತಿದ್ದಾರೆ ಅಂತ 2008ರಲ್ಲಿ ಅನುಮಾನ ಬಂತು. ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿಗೇ ಹೋಗಿ, ಕಂಪ್ಯೂಟರಿನಿಂದ ಹೊರಹೋಗುವ ಮಾಹಿತಿಯ ಪ್ರತಿ ತುಣುಕನ್ನೂ ಹಿಡಿದು ನೋಡಿದರು. ಕಡತಗಳು ಕಣ್ಣೆದುರೇ ಹೊರಗೆ ಸಾಗ್ತಿದ್ದವು. ಅದರ ಜಾಡು ಹಿಡಿದು ಹೋದರೆ ಕಳ್ಳರ ನಿಯಂತ್ರಣ ಸರ್ವರಿಗೇ ಬೀಗ ಇರಲಿಲ್ಲ! 2009ರ ಮಾರ್ಚ್‌ನಲ್ಲಿ ಬಂದ 'ಘೋಸ್ಟ್‌ನೆಟ್' ವರದಿ ಹೇಳಿದ್ದು: 103 ದೇಶಗಳ 1,295 ಕಂಪ್ಯೂಟರುಗಳು ಆ ಜಾಲದಲ್ಲಿದ್ದವು. ಚೀನಾ ಸರ್ಕಾರ ತನಗೂ ಇದಕ್ಕೂ ಸಂಬಂಧ ಇಲ್ಲ ಅಂತು. ಅದೇ ಸಮಯಕ್ಕೆ ಶಿಶಿರ್ ನಾಗರಾಜ ಮತ್ತು ಕೇಂಬ್ರಿಜ್‌ನ ರಾಸ್ ಆಂಡರ್ಸನ್ ಬರೆದ ಇನ್ನೊಂದು ವರದಿ ನನಗೆ ಹೆಚ್ಚು ಮುಖ್ಯ ಅನ್ನಿಸತ್ತೆ. ಇವತ್ತು ಒಂದು ದೇಶದ ಗೂಢಚಾರರು ಮಾಡಿದ್ದನ್ನ ನಾಳೆ ಮಾಮೂಲಿ ಕಳ್ಳರು ಮಾಡ್ತಾರೆ, ಆಗ ಸಾಮಾನ್ಯ ಕಂಪನಿಗಳ ಗತಿ ಏನು ಅಂತ ಅವರು ಆಗಲೇ ಕೇಳಿದ್ದರು.

ಒಳಗೆ ಹೋದದ್ದು ಹೇಗೆ? ಪರಿಚಯದವರು ಕಳಿಸಿದಂತೆ ಕಾಣುವ ಮೇಲ್, ಅದರ ಜೊತೆ ಓದಲೇಬೇಕು ಅನ್ನಿಸುವ ಒಂದು ಅಟ್ಯಾಚ್‌ಮೆಂಟ್. ಫೈರ್‌ವಾಲ್ ಒಡೆಯುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಟಿಬೆಟನ್ನರು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ನನಗೆ ಬಹಳ ಇಷ್ಟ. ಟಿಬೆಟ್ ಆ್ಯಕ್ಷನ್ ಇನ್‌ಸ್ಟಿಟ್ಯೂಟ್ ಅನ್ನೋ ಸಂಸ್ಥೆ ಅಟ್ಯಾಚ್‌ಮೆಂಟ್ ಬಿಡಿ ಅಂತ ಒಂದು ಪ್ರಚಾರಾಂದೋಲನ ಮಾಡಿತು. ಬಂಧನ ಕಳಚಿಕೊಳ್ಳಿ ಅನ್ನೋ ಬುದ್ಧನ ಮಾತನ್ನೇ ಈಮೇಲಿಗೆ ಹೊಂದಿಸಿದ್ದು! ಭಿಕ್ಕುವಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಕಾರ್ಪೊರೇಟ್ ತರಬೇತಿಯ ನಲವತ್ತು ನಿಮಿಷದ ವಿಡಿಯೋ, ಕೊನೆಗೆ ಹತ್ತು ಪ್ರಶ್ನೆ, ಎಂಟು ಸರಿಯಾದರೆ ಸರ್ಟಿಫಿಕೇಟ್ ಅನ್ನೋ ಶಿಕ್ಷೆಯ ಪಕ್ಕ ಇದನ್ನ ಇಟ್ಟು ನೋಡಿ. ಇಷ್ಟೆಲ್ಲ ಆದಮೇಲೂ ಎಷ್ಟೋ ಸ್ಕೋಪ್ ಪುಟಗಳಲ್ಲಿ 'ಸೋಷಿಯಲ್ ಎಂಜಿನಿಯರಿಂಗ್ ಹೊರತುಪಡಿಸಿ' ಅನ್ನೋ ಸಾಲು ಇದ್ದೇ ಇರತ್ತೆ. ನೌಕರರಿಗೆ ಬೇಜಾರಾಗತ್ತೆ ಅಂತ ಕಾರಣ. ಕಳ್ಳನಿಗೆ ಎಚ್‌ಆರ್ ಇಲ್ಲವಲ್ಲ.

ಕಾರ್ಖಾನೆಗಳ ವಿಷಯದಲ್ಲಿ ಮಾತ್ರ ಗೆರೆ ಬಿಗಿಯಾಗಿರಬೇಕು ಅನ್ನೋರ ಜೊತೆ ನಾನಿದ್ದೇನೆ. ದಾಂಡೇಲಿ ಬೆಳೆದದ್ದೇ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಸುತ್ತ. ಹಗಲು ರಾತ್ರಿ ನಿಲ್ಲದೆ ಓಡುವ ಯಂತ್ರ ಅಂದರೇನು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಇಂಥ ಯಾವುದೇ ಕಾರ್ಖಾನೆಯಲ್ಲಿ ವಾಲ್ವು, ಮೋಟಾರು ನಡೆಸುವ ಪಿಎಲ್‌ಸಿ ಅನ್ನೋ ಪುಟ್ಟ ಕಂಪ್ಯೂಟರುಗಳಿರ್ತವೆ. ಹಳೇ ಪಿಎಲ್‌ಸಿಗೆ ಸ್ಕ್ಯಾನರ್ ಹೋಗಿ ಜೋರಾಗಿ ಬಾಗಿಲು ತಟ್ಟಿದರೆ ಅದು ಗಾಬರಿಯಾಗಿ ನಿಂತುಬಿಡಬಹುದು. ಆಫೀಸಿನ ಸರ್ವರ್ ನಿಂತರೆ ಟೀ ಕುಡಿದು ಬರಬಹುದು, ಬಾಯ್ಲರ್ ಪಕ್ಕದ್ದು ನಿಂತರೆ ಹಾಗಲ್ಲ. ಅಲ್ಲಿ ಸುಮ್ಮನೆ ಕೂತು ಓಡಾಟ ಗಮನಿಸೋದು, ಬಿಡಿ ಯಂತ್ರ ತಂದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸೋದು, ವಾರ್ಷಿಕ ಶಟ್‌ಡೌನ್ ದಿನಗಳಲ್ಲಿ ಮುಟ್ಟಿ ನೋಡೋದು, ಇವೇ ದಾರಿ. ಆದರೆ 'ಅದು ಇಂಟರ್‌ನೆಟ್ಟಿಗೇ ಜೋಡಿಸಿಲ್ಲ, ಹಾಗಾಗಿ ಚಿಂತೆಯಿಲ್ಲ' ಅನ್ನೋ ಒಂದೇ ವಾಕ್ಯಕ್ಕೆ ಸಮಾಧಾನ ಪಡಬಾರದು. 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಬಗ್ಗೆ ಸುದ್ದಿ ಬಂದಾಗ ಮೊದಲ ದಿನ ಸೈಬರ್ ದಾಳಿ ಸಾಧ್ಯವೇ ಇಲ್ಲ ಅಂದರು. ಮರುದಿನ ಅಣುವಿದ್ಯುತ್ ನಿಗಮವೇ ಆಡಳಿತದ ಜಾಲದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿತ್ತು, ನಿಯಂತ್ರಣದ ಜಾಲ ಪ್ರತ್ಯೇಕವಾಗಿದೆ ಅಂತ ಒಪ್ಪಿಕೊಂಡಿತು. ಕೇಂದ್ರದ ಸರ್ಟ್-ಇನ್ ಸಂಸ್ಥೆ ಸೆಪ್ಟೆಂಬರ್ 4ಕ್ಕೇ ತಿಳಿಸಿತ್ತು. ನಮ್ಮ ಕಾಳಿ ದಂಡೆಯ ಕೈಗಾ ನಡೆಸುವುದೂ ಅದೇ ನಿಗಮ, ಅದಕ್ಕೇ ಆ ಎರಡು ದಿನದ ಎರಡು ಹೇಳಿಕೆಗಳನ್ನ ನಾನು ಜೋಪಾನವಾಗಿ ಓದಿದೆ. ಎರಡನೇ ದಿನ ಹೇಳಿದ್ದನ್ನೇ ಮೊದಲನೇ ದಿನ ಹೇಳಿದ್ದರೆ ಜನ ಹೆಚ್ಚು ನಂಬ್ತಿದ್ದರು.

ಗೆರೆಯ ಆಚೆ ಹೋಗಿ ನೋಡುವವನಿಗೆ ನಮ್ಮಲ್ಲಿ ಏನಾಗತ್ತೆ ಅನ್ನೋದನ್ನೂ ಹೇಳಬೇಕು. ಐಟಿ ಕಾಯ್ದೆ 2000ರ 43ನೇ ಕಲಂ ಪ್ರಕಾರ ಒಡೆಯನ ಅನುಮತಿ ಇಲ್ಲದೆ ಕಂಪ್ಯೂಟರ್ ಪ್ರವೇಶಿಸಿದರೆ ಪರಿಹಾರ ಕಟ್ಟಬೇಕು. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಉದ್ದೇಶ ಏನಿತ್ತು ಅನ್ನೋದು ತೀರ್ಮಾನ ಆಗೋದು ಕೋರ್ಟಿನಲ್ಲಿ, ಪೊಲೀಸರು ಮನೆಗೆ ಬರೋದು ಅದಕ್ಕೂ ಮುಂಚೆ. 2017ರಲ್ಲಿ ಬೆಂಗಳೂರಿನ ಒಬ್ಬ ಯುವ ಎಂಜಿನಿಯರನ್ನ ಆಧಾರ್ ಪ್ರಾಧಿಕಾರದ ದೂರಿನ ಮೇಲೆ ಬಂಧಿಸಿದರು. ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ಮೂಲಕ ಆಧಾರ್ ಮಾಹಿತಿ ತೋರಿಸುವ ಆ್ಯಪ್ ಮಾಡಿ ಜಾಹೀರಾತಿನಿಂದ ದುಡ್ಡು ಮಾಡ್ತಿದ್ದ ಅನ್ನೋದು ಪೊಲೀಸರ ಆರೋಪ. ಆತ ಊರಿನ ಉಪಕಾರಕ್ಕೆ ದೋಷ ಹುಡುಕಿ ತಿಳಿಸಲು ಹೋದವನು ಅಂತ ನಾನೇನೂ ವಾದ ಮಾಡಲ್ಲ. ಆದರೆ 2018ರ ಜನವರಿಯಲ್ಲಿ ಚಂಡೀಗಢದ 'ದಿ ಟ್ರಿಬ್ಯೂನ್' ಪತ್ರಿಕೆಯ ವರದಿಗಾರ್ತಿ 500 ರೂಪಾಯಿಗೆ ಆಧಾರ್ ವಿವರ ಸಿಗ್ತಿದೆ ಅಂತ ಬರೆದಾಗ ಎಫ್‌ಐಆರಿನಲ್ಲಿ ಅವರ ಹೆಸರೂ ಸೇರಿತ್ತು. ಇವೆರಡನ್ನೂ ಓದಿದ ಇಪ್ಪತ್ತೆರಡರ ಹುಡುಗನಿಗೆ ತನ್ನ ಕಾಲೇಜಿನ ಫೀಸ್ ಪೋರ್ಟಲ್ಲಿನಲ್ಲಿ 4512ರ ಕಥೆ ಕಂಡರೆ ಏನು ಮಾಡ್ತಾನೆ? ಸುಮ್ಮನಾಗ್ತಾನೆ. ಇಲ್ಲ, ಟೆಲಿಗ್ರಾಮಿನಲ್ಲಿ ಯಾರಿಗೋ ಮಾರ್ತಾನೆ. ಆನಂದ್ ಪ್ರಕಾಶರ ಕಥೆ ಸುಖಾಂತ ಆದದ್ದು ಅವರ ಜಾಣ್ಮೆಯಿಂದ ಮಾತ್ರ ಅಲ್ಲ. ಫೇಸ್‌ಬುಕ್ ಮುಂಚೆಯೇ 'ನಮ್ಮಲ್ಲಿ ದೋಷ ಹುಡುಕಿ, ಈ ನಿಯಮ ಪಾಲಿಸಿ, ಕೇಸ್ ಹಾಕಲ್ಲ' ಅಂತ ಬರೆದು ತೂಗುಹಾಕಿತ್ತು. ನಿಮ್ಮ ಕಂಪನಿಯ ವೆಬ್‌ಸೈಟಿನಲ್ಲಿ ಅಂಥ ಒಂದು ಪುಟ ಇದೆಯಾ ಅಂತ ಇವತ್ತು ಊಟದ ಬಿಡುವಿನಲ್ಲಿ ಹುಡುಕಿ ನೋಡಿ. ಅದಕ್ಕೆ ಖರ್ಚಿಲ್ಲ, ಒಂದು ಮೇಲ್ ಐಡಿ, ಅದನ್ನ ಓದುವ ಒಬ್ಬ ಮನುಷ್ಯ ಸಾಕು.

ಇಲ್ಲಿವರೆಗೆ ಹೇಳಿದ್ದೆಲ್ಲ ಟೆಸ್ಟ್ ಮಾಡಿಸುವ ಶಕ್ತಿ ಇರುವವರ ಕಥೆ. ದಾಂಡೇಲಿ, ಜೋಯಿಡಾ ಕಡೆಯ ಹೋಮ್‌ಸ್ಟೇಗಳಿಗೆ ವೀಕೆಂಡಿಗೆ ನೀವೇ ಬರ್ತೀರಲ್ಲ, ಬಂದ ತಕ್ಷಣ ಆಧಾರ್ ಕಾರ್ಡಿನ ಫೋಟೊ ವಾಟ್ಸ್ಆ್ಯಪಿನಲ್ಲಿ ಕಳಿಸ್ತೀರಲ್ಲ, ಆ ಫೋಟೊ ಆಮೇಲೆ ಎಲ್ಲಿರತ್ತೆ? ಮಾಲೀಕರ ಮಗನ ಫೋನಿನಲ್ಲಿ, ಅಲ್ಲಿಂದ ಬಿಲ್ಲಿಂಗ್ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ. ಆ ಕಂಪ್ಯೂಟರ್ ಇರೋದು ಗೋಡೆಯ ಮೇಲೆ ಪಾಸ್‌ವರ್ಡ್ ಅಂಟಿಸಿದ ಅದೇ ವೈಫೈಯಲ್ಲಿ. ಇದಕ್ಕೆ ಎಂಬತ್ತು ಪುಟದ ವರದಿ ಬೇಡ, ವರದಿಗೆ ಕೊಡುವಷ್ಟು ದುಡ್ಡೂ ಅವರಲ್ಲಿಲ್ಲ. ಅತಿಥಿಗಳ ವೈಫೈ ಬೇರೆ ಮಾಡಿ, ಆಧಾರ್ ಫೋಟೊ ಅವರು ಹೋದಮೇಲೆ ಅಳಿಸಿ, ಕ್ಯಾಮೆರಾದ ಡಿವಿಆರ್ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಅರ್ಧ ದಿನದ ಕೆಲಸ. ಮೂರನೆಯದು ತಮಾಷೆಯಲ್ಲ. 2016ರಲ್ಲಿ ಮಿರಾಯ್ ಅನ್ನೋ ಹುಳ ಕಂಪನಿಯಿಂದ ಬಂದ ಪಾಸ್‌ವರ್ಡುಗಳ ಅರವತ್ತು ಚಿಲ್ಲರೆ ಜೋಡಿಯ ಒಂದು ಪಟ್ಟಿ ಹಿಡಿದುಕೊಂಡು ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರುಗಳ ಒಳಗೆ ಹೋಗಿತ್ತು. ಆ ಅಕ್ಟೋಬರಿನಲ್ಲಿ ಒಂದು ದಿನ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಕೈಕೊಟ್ಟಿದ್ದು ಇಂಥ ಡಬ್ಬಿಗಳ ಸೈನ್ಯದಿಂದ.

ಜೋಯಿಡಾ ಹತ್ರದ ಒಂದು ಹೋಮ್‌ಸ್ಟೇಯ ಮಾಲೀಕರು ನಮ್ಮ ತಂದೆಯ ಕಾಲದಿಂದ ಪರಿಚಯ. ಹೋದಾಗೊಮ್ಮೆ ಕೇಳಿದೆ. "ಕಾಕಾ, ಈ ಕ್ಯಾಮೆರಾದ್ದು ಪಾಸ್‌ವರ್ಡ್ ಏನೈತ್ರಿ?"

"ನನಗೆಲ್ಲಿ ಗೊತ್ತೋ ತಮ್ಮಾ. ಹಾಕಿಕೊಟ್ಟಾವಗs ಗೊತ್ತು, ಹುಬ್ಬಳ್ಳಿಯಿಂದ ಬಂದಿದ್ದ. ಮೊಬೈಲ್‌ನ್ಯಾಗ ಕಾಣತೈತಿ, ಸಾಕಲ್ಲ?"

ಮೊಬೈಲಿನಲ್ಲಿ ಅವರಿಗೆ ಕಾಣತ್ತೆ ಅಂದರೆ ಇನ್ನೂ ಯಾರಿಗೆ ಕಾಣಬಹುದು ಅಂತ ವಿವರಿಸಿದೆ. ಅಂಗಳದಲ್ಲಿ ಸಿಟಿಯ ಹುಡುಗಿಯರು ಕೂತಿದ್ದರು, ಕಾಕಾನಿಗೆ ವಿಷಯ ಅರ್ಥ ಆಗಲು ಎರಡು ನಿಮಿಷ ಹಿಡಿಯಲಿಲ್ಲ. ಆ ಹುಬ್ಬಳ್ಳಿಯವನಿಗೆ ಅಲ್ಲೇ ಫೋನ್ ಮಾಡಿ ಪಾಸ್‌ವರ್ಡ್ ಕೇಳಿ, ಮಗನ ಕೈಲಿ ಬದಲಿಸಿಸಿದರು. ಹದಿನೈದು ಅಕ್ಷರದ್ದು, ಅವರ ಎಮ್ಮೆಯ ಹೆಸರು, ಹೊಲದ ಸರ್ವೆ ನಂಬರು ಎಲ್ಲ ಸೇರಿಸಿ ಕಟ್ಟಿದ್ದು. ಮುಂದಿನ ಸಲ ಹೋದಾಗ ನೋಡಿದರೆ ಅದನ್ನ ದಪ್ಪಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಒಳಕೋಣೆಯ ಕಪಾಟಿನಲ್ಲಿಟ್ಟ ಡಿವಿಆರಿನ ನೆತ್ತಿಗೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿದ್ದರು. ನಮ್ಮ ಯಾವುದೇ ಚೆಕ್‌ಲಿಸ್ಟಿನಲ್ಲಿ ಅದು ಕೆಂಪು. ಇಂಟರ್‌ನೆಟ್ಟಿನ ಆ ಬದಿಯಿಂದ ಬರುವ ಹುಳಕ್ಕೆ ಜೋಯಿಡಾದ ಒಳಕೋಣೆಯ ಚೀಟಿ ಓದೋಕಾಗಲ್ಲ, ಆ ಕಪಾಟಿನ ಕೀಲಿ ಕಾಕೂನ ಸೊಂಟದಲ್ಲಿರತ್ತೆ. ಚೀಟಿ ಕಿತ್ತುಹಾಕಿ ಅಂತ ನಾನು ಹೇಳಲಿಲ್ಲ.